‘ಸುಲಭ’ ಅಂದರೆ ಎಷ್ಟು ಅಡಿ?

ಒಪ್ಪಂದದ ಕಾಗದದ 14ನೇ ಸಾಲು ಹೀಗಿತ್ತು: “ಆ್ಯಪ್ ರೈತಸ್ನೇಹಿಯಾಗಿರಬೇಕು, ಬಳಸಲು ಸುಲಭವಾಗಿರಬೇಕು.” ಅಷ್ಟೇ. ಅದರ ಹಿಂದಿನ ಸಾಲಿನಲ್ಲಿ ಸರ್ವರ್ ತಿಂಗಳಿಗೆ ಎಷ್ಟು ಗಂಟೆ ನಿಲ್ಲಬಹುದು ಅಂತ ಲೆಕ್ಕ ಇತ್ತು. ಮುಂದಿನ ಸಾಲಿನಲ್ಲಿ ಯಾವ ತಾರೀಖಿಗೆ ಎಷ್ಟು ಹಣ ಅಂತ ರೂಪಾಯಿ ಲೆಕ್ಕ ಇತ್ತು. ನಡುವಿನ ಈ ಒಂದು ಸಾಲಿಗೆ ಮಾತ್ರ ಲೆಕ್ಕವೇ ಇಲ್ಲ. ಅವತ್ತು ನಮ್ಮಲ್ಲಿ ಯಾರಿಗೂ ಅದು ಕಣ್ಣಿಗೆ ಬೀಳಲಿಲ್ಲ.

ನಾನು ಕೆಲಸ ಮಾಡುವುದು ಮೈಸೂರಿನ ಸರಸ್ವತಿಪುರಂನ ಒಂದು ಚಿಕ್ಕ ಕಂಪನಿಯಲ್ಲಿ. ಆರು ಜನ ಇದ್ದೇವೆ. ವೆಬ್‌ಸೈಟು, ಆ್ಯಪು ಮಾಡಿಕೊಡುತ್ತೇವೆ. ಪರದೆ ಹೇಗಿರಬೇಕು, ಯಾವ ಬಟನ್ ಎಲ್ಲಿರಬೇಕು, ಅದರ ಮೇಲೆ ಏನು ಬರೆದಿರಬೇಕು ಅನ್ನುವುದು ನನ್ನ ಪಾಲಿನ ಕೆಲಸ. ಹೋದ ವರ್ಷ ಪಾಂಡವಪುರ ತಾಲ್ಲೂಕಿನ ಒಂದು ರೈತರ ಗುಂಪು ನಮ್ಮನ್ನು ಹುಡುಕಿಕೊಂಡು ಬಂತು. ಅವರ ಹತ್ತಿರ ಎರಡು ಟ್ರ್ಯಾಕ್ಟರ್, ನಾಲ್ಕು ಟಿಲ್ಲರ್ ಇವೆ. ಸದಸ್ಯರಿಗೆ ಬಾಡಿಗೆಗೆ ಕೊಡುತ್ತಾರೆ. ಬೇಕಾದವರು ಶೆಡ್ಡಿಗೆ ಫೋನ್ ಮಾಡಬೇಕು, ಗುಮಾಸ್ತರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ನಾಲೆಗೆ ನೀರು ಬಿಟ್ಟ ಮೇಲೆ ಎಲ್ಲರಿಗೂ ಒಂದೇ ವಾರದಲ್ಲಿ ಟಿಲ್ಲರ್ ಬೇಕು. ಫೋನ್ ಸಿಗುವುದಿಲ್ಲ, ಜಗಳ. ಅದಕ್ಕೆ ಆ್ಯಪ್ ಬೇಕು ಅಂದರು.

ಎರಡು ತಿಂಗಳಲ್ಲಿ ಮಾಡಿದೆವು. ನಮ್ಮ ಆಫೀಸಿನಲ್ಲಿ ಎಲ್ಲರೂ ಒಂದೊಂದು ಸಲ ಬುಕ್ ಮಾಡಿ ನೋಡಿದರು. ಯಾರಿಗೂ ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯಲಿಲ್ಲ. ತುಂಬಾ ಸುಲಭವಾಗಿದೆ ಅಂದರು. ನಾನೂ ನಂಬಿದೆ.

ಆಮೇಲೆ ಒಂದು ಬೆಳಿಗ್ಗೆ ರೈಲು ಹತ್ತಿ ಪಾಂಡವಪುರಕ್ಕೆ ಹೋದೆ. ಶೆಡ್ಡಿನ ಪಕ್ಕದಲ್ಲೇ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. (ಕಬ್ಬಿನ ಹಾಲು. ನಮ್ಮ ಕಡೆ ಹಾಗೇ ಅನ್ನುವುದು.) ಅಲ್ಲಿ ಆರು ಜನ ಸದಸ್ಯರನ್ನು ಕೂರಿಸಿಕೊಂಡು, ಒಬ್ಬೊಬ್ಬರಿಗೇ ಅವರವರ ಫೋನಿನಲ್ಲೇ ಆ್ಯಪ್ ತೆರೆದು ಕೊಟ್ಟೆ. “ನಾಡಿದ್ದು ನಿಮ್ಮ ಗದ್ದೆಗೆ ಟಿಲ್ಲರ್ ಬೇಕು ಅಂತ ಅಂದುಕೊಳ್ಳಿ, ಇದರಲ್ಲಿ ಹೇಳಿ” ಅಂದೆ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿದೆ.

ಮುಗಿಸಿದ್ದು ಒಬ್ಬರು. ಒಬ್ಬರು ಸರ್ವೆ ನಂಬರಿನ ಹತ್ತಿರ ನಿಂತರು. ಅಲ್ಲಿ ಅಂಕಿ ಬೇಕು, ಆದರೆ ಇಂಗ್ಲಿಷ್ ಅಕ್ಷರದ ಕೀಬೋರ್ಡ್ ತೆರೆದುಕೊಳ್ಳುತ್ತಿತ್ತು. ಇಬ್ಬರು ಕ್ಯಾಲೆಂಡರಿನಲ್ಲಿ ಸಿಕ್ಕಿಕೊಂಡರು. ಅವರ ತಲೆಯಲ್ಲಿ ಇದ್ದದ್ದು ‘ನಾಡಿದ್ದು’. ಪರದೆ ಕೇಳಿದ್ದು ತಾರೀಖು. ಇನ್ನೊಬ್ಬರಿಗೆ ‘ಸಲ್ಲಿಸು’ ಬಟನ್ ಕಾಣಲೇ ಇಲ್ಲ, ಕೀಬೋರ್ಡು ಅದರ ಮೇಲೆ ಕೂತಿತ್ತು. ಆರನೆಯವರು, ಐವತ್ತೈದರ ಆಸುಪಾಸಿನ ಒಬ್ಬ ಯಜಮಾನರು, ಸ್ವಲ್ಪ ಹೊತ್ತು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ಮೆಲ್ಲಗೆ ಕೆಳಗಿಟ್ಟರು. “ನಂಗ್ ಬರಾಕಿಲ್ಲ ಬುಡವ್ವ” ಅಂದರು.

ಆ ಮಾತು ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ನಮ್ಮಮ್ಮ ಒಂದು ಕಡೆ ಆನ್‌ಲೈನ್ ಅರ್ಜಿ ಹಾಕಲು ಕುಳಿತಿದ್ದಳು. ಫೋಟೊ 50 ಕೆಬಿಗಿಂತ ಚಿಕ್ಕದಿರಬೇಕು ಅಂತ ಕೇಳಿತು. ಚಿಕ್ಕದು ಮಾಡುವುದು ಹೇಗೆ ಅಂತ ಎಲ್ಲೂ ಹೇಳಲಿಲ್ಲ. ಹುಡುಕುವಷ್ಟರಲ್ಲಿ ಸಮಯ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಯಿತು. ಮೂರು ಸಲ ಹೀಗೇ ಆಯಿತು. ಕೊನೆಗೆ ಮಂಡ್ಯಕ್ಕೆ ಹೋಗಿ, ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ಹಾಕಿಸಿ ಬಂದಳು. ಸಂಜೆ ಫೋನಿನಲ್ಲಿ ನನಗೆ ಹೇಳಿದ್ದು ಇದನ್ನೇ: “ನಂಗೆ ಇದೆಲ್ಲ ಬರಲ್ಲ ಬಿಡು.” ಮೂರು ಎಕರೆ ಗದ್ದೆಯ ಲೆಕ್ಕ, ಕೂಲಿ ಲೆಕ್ಕ, ಡೈರಿ ಲೆಕ್ಕ ಎಲ್ಲವನ್ನೂ ಬಾಯಲ್ಲೇ ಇಟ್ಟುಕೊಂಡಿರುವ ಹೆಂಗಸು ನಮ್ಮಮ್ಮ. ತಪ್ಪು ಆ ಪರದೆಯದು. ತನಗೆ ಬರಲ್ಲ ಅಂದುಕೊಂಡವಳು ಅಮ್ಮ. ಈಗ ನಾನು ಮಾಡಿದ ಪರದೆ ಇನ್ನೊಬ್ಬರ ಬಾಯಲ್ಲಿ ಅದೇ ಮಾತು ಹೇಳಿಸಿತ್ತು.

ಮರುದಿನ ಆಫೀಸಿನಲ್ಲಿ ಮೀಟಿಂಗ್. ಗುಂಪಿನ ಕಡೆಯಿಂದಲೂ ಇಬ್ಬರು ಬಂದಿದ್ದರು. ಒಬ್ಬರು “ಅಭ್ಯಾಸ ಆದರೆ ಸರಿಹೋಗುತ್ತೆ” ಅಂದರು. ಇನ್ನೊಬ್ಬರು “ಒಂದು ದಿನ ತರಬೇತಿ ಇಟ್ಟರೆ ಸಾಕು” ಅಂದರು. ನಾನು “ಇಲ್ಲ, ಕಷ್ಟವಾಗಿದೆ” ಅಂದೆ. “ಕಷ್ಟ ಅಂತ ನಿಮಗೆ ಅನ್ನಿಸುತ್ತೆ, ನನಗೆ ಸುಲಭ ಅನ್ನಿಸುತ್ತೆ” ಅಂತ ನಮ್ಮ ಪ್ರೋಗ್ರಾಮರ್ ಹೇಳಿದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದೂವರೆ ಗಂಟೆ ಮಾತಾಡಿದೆವು. ಯಾರೂ ಗೆಲ್ಲಲಿಲ್ಲ. ಗೆಲ್ಲುವುದಕ್ಕೆ ಅಲ್ಲಿ ಅಳತೆಗೋಲೇ ಇರಲಿಲ್ಲ.

ಅವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಜುಲೈ ತಿಂಗಳು, ಕೊಡಗಿನಲ್ಲಿ ಮಳೆ. ಮಂಡ್ಯ ಕಡೆಯವರಿಗೆ ಆ ತಿಂಗಳಲ್ಲಿ ಮೊದಲ ಮಾತು ಒಂದೇ. “ಎಷ್ಟಾಯ್ತಪ್ಪಾ?” “ನೂರ ಹದಿನಾರು ದಾಟೈತೆ.” ಏನು ಎಷ್ಟಾಯಿತು ಅಂತ ಕೇಳುವ ಅಗತ್ಯವಿಲ್ಲ, ಅಲ್ವಾ? ಕನ್ನಂಬಾಡಿ ಕಟ್ಟೆಯ ನೀರು. ಪೇಪರಿನಲ್ಲಿ ದಿನಾ ಒಂದು ಚಿಕ್ಕ ಚೌಕ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ. ಇಂದಿನ ಮಟ್ಟ ಇಷ್ಟು. ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್. ಹೋದ ವರ್ಷ ಇದೇ ದಿನ ಇಷ್ಟು. ಅಪ್ಪ ಕನ್ನಡಕ ಹಾಕಿಕೊಂಡು ಮೊದಲು ನೋಡುವುದು ಅದನ್ನೇ. “ಕಟ್ಟೆಯಲ್ಲಿ ನೀರು ಚೆನ್ನಾಗಿದೆ” ಅಂತ ಯಾರಾದರೂ ಬರೆದರೆ ಅಪ್ಪ ಪೇಪರ್ ಮಡಚಿ ಪಕ್ಕಕ್ಕಿಡುತ್ತಾನೆ. ಚೆನ್ನಾಗಿದೆ ಅಂದರೆ ಭತ್ತ ಹಾಕಬೇಕೋ ರಾಗಿ ಹಾಕಬೇಕೋ ತಿಳಿಯುವುದಿಲ್ಲ.

ಫೋನ್ ಇಟ್ಟ ಮೇಲೆ ಆ ಚೌಕವೇ ತಲೆಯಲ್ಲಿ ಉಳಿಯಿತು.

ನಮ್ಮ ಕಸುಬಿನಲ್ಲೂ ಇಂಥ ಚೌಕ ಇದೆ. ಅದು ಹಳೆಯದು. ಜಾನ್ ವೈಟ್‌ಸೈಡ್, ಜಾನ್ ಬೆನೆಟ್, ಕ್ಯಾರನ್ ಹೋಲ್ಟ್ಸ್‌ಬ್ಲಾಟ್ ಅನ್ನುವ ಮೂವರು 1988ರಲ್ಲೇ ಅದನ್ನು ವಿವರಿಸಿ ಬರೆದಿದ್ದಾರೆ. ಒಂದೊಂದು ಗುಣಕ್ಕೂ ಒಂದೊಂದು ಸಾಲು. ಯಾವುದನ್ನು ಅಳೆಯುತ್ತೇವೆ, ಹೇಗೆ ಅಳೆಯುತ್ತೇವೆ. ಆಮೇಲೆ ನಾಲ್ಕು ಅಂಕಿ. ಈಗ ಎಷ್ಟಿದೆ, ಎಷ್ಟಕ್ಕಿಂತ ಕೆಳಗೆ ಇಳಿದರೆ ಒಪ್ಪುವುದಿಲ್ಲ, ನಮ್ಮ ಗುರಿ ಎಷ್ಟು, ತೀರಾ ಚೆನ್ನಾಗಿ ಆದರೆ ಎಷ್ಟಾಗಬಹುದು. ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ. ಅದು ನಮ್ಮ ಮನೆಯ ಪೇಪರಿನಲ್ಲಿ ದಿನಾ ಬರುವ ಚೌಕವೇ ಅಂತ ಹೊಳೆದಿದ್ದು ಮಾತ್ರ ಅವತ್ತು.

ಅಂಕಿಗಿಂತ ಮೊದಲು ಇನ್ನೊಂದು ಕೆಲಸ ಇದೆ. ಐಎಸ್‌ಒ 9241ರ 11ನೇ ಭಾಗ ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. 1998ರಲ್ಲಿ ಬಂತು, 2018ರಲ್ಲಿ ತಿದ್ದಿದರು. ಅದರ ಪ್ರಕಾರ, ಬಳಸಲು ಸುಲಭ ಅನ್ನುವುದು ವಸ್ತುವಿನೊಳಗೆ ಇರುವ ಗುಣ ಅಲ್ಲ. ಇಂಥ ಜನ, ಇಂಥ ಕೆಲಸವನ್ನು, ಇಂಥ ಜಾಗದಲ್ಲಿ ಮಾಡುವಾಗ ಕೆಲಸ ಪೂರ್ತಿ ಆಯಿತೇ, ಎಷ್ಟು ಶ್ರಮ ಹಿಡಿಯಿತು, ಮನಸ್ಸಿಗೆ ತೃಪ್ತಿ ಆಯಿತೇ ಅನ್ನುವುದು. ಜನ, ಕೆಲಸ, ಜಾಗ ಬದಲಾದರೆ ಉತ್ತರವೂ ಬದಲಾಗುತ್ತದೆ. ನಮ್ಮ ಆಫೀಸಿನ ಹುಡುಗರಿಗೆ, ಫ್ಯಾನಿನ ಕೆಳಗೆ, ವೈಫೈನಲ್ಲಿ ಆ್ಯಪ್ ನಿಜವಾಗಿಯೂ ಸುಲಭವಾಗಿತ್ತು. ಅವರು ಸುಳ್ಳು ಹೇಳಿರಲಿಲ್ಲ.

ಹಾಗಾಗಿ ಮೊದಲು ಜನರನ್ನು ಬರೆದೆವು. ವಯಸ್ಸು 40 ದಾಟಿದವರು. ಕನ್ನಡ ಓದುತ್ತಾರೆ. ಫೋನಿನಲ್ಲಿ ಕರೆ ಮಾಡುತ್ತಾರೆ, ವಾಟ್ಸ್ಆ್ಯಪಿನಲ್ಲಿ ದನಿ ಕಳಿಸುತ್ತಾರೆ, ಟೈಪ್ ಮಾಡುವುದು ಅಪರೂಪ. ನಿಂತಿರುವುದು ಗದ್ದೆಯ ಬದುವಿನ ಮೇಲೆ, ಬಿಸಿಲಿನಲ್ಲಿ, ಒಂದು ಕೈಯಲ್ಲಿ ಕುಡುಗೋಲೋ ಗುದ್ದಲಿಯೋ ಇದೆ. ನೆಟ್‌ವರ್ಕ್ ಬಂದರೆ ಬಂತು. ಇದನ್ನು ಬರೆದು ಗೋಡೆಗೆ ಅಂಟಿಸಿದೆ. ಆಮೇಲೆ ಕೆಲಸ: ಬೇಕಾದ ದಿನಕ್ಕೆ ಒಂದು ಟಿಲ್ಲರ್ ಬುಕ್ ಮಾಡುವುದು.

‘ಈಗ ಎಷ್ಟಿದೆ’ ಅನ್ನುವ ಅಂಕಿಗೆ ನಾನು ಎರಡು ದಿನ ಶೆಡ್ಡಿನಲ್ಲಿ ಗುಮಾಸ್ತರ ಪಕ್ಕ ಕುಳಿತೆ. ಬಂದ ಕರೆಗಳನ್ನೆಲ್ಲ ಗಡಿಯಾರ ನೋಡಿ ಬರೆದುಕೊಂಡೆ. ಎರಡು ದಿನದಲ್ಲಿ 31 ಕರೆ. “ಅಣ್ಣಾ, ನಾಡಿದ್ದು ಟಿಲ್ಲರ್ ಬೇಕು, ನಾಲೆ ಪಕ್ಕದ ಗದ್ದೆಗೆ.” “ಎಷ್ಟೊತ್ಗೆ?” “ಬೆಳಿಗ್ಗೇನೇ ಕಳ್ಸಿ.” ಮುಗಿಯಿತು. ಹೆಚ್ಚಿನವು ಎರಡು ನಿಮಿಷದೊಳಗೆ. ಆದರೆ 31ರಲ್ಲಿ 9 ಕರೆ ಎತ್ತಲು ಆಗಲೇ ಇಲ್ಲ. ಗುಮಾಸ್ತರು ಇನ್ನೊಂದು ಕರೆಯಲ್ಲಿದ್ದರು, ಇಲ್ಲವೇ ಊಟಕ್ಕೆ ಹೋಗಿದ್ದರು. ಇದರಿಂದ ಎರಡು ವಿಷಯ ಗೊತ್ತಾಯಿತು. ಎರಡು ನಿಮಿಷದ ಮಾತಿಗೆ ಬದಲು ಹತ್ತು ನಿಮಿಷದ ಆ್ಯಪ್ ಕೊಟ್ಟರೆ ಯಾರೂ ಮುಟ್ಟುವುದಿಲ್ಲ. ಮೂರು ನಿಮಿಷದ್ದು ಕೊಟ್ಟರೆ, ಕರೆ ಸಿಗದ ಕಷ್ಟ ತಪ್ಪುವುದರಿಂದ, ಒಪ್ಪಿಕೊಳ್ಳುತ್ತಾರೆ. ಗುರಿಯ ಅಂಕಿ ಹೀಗೆ ಎಲ್ಲಿಂದಲಾದರೂ ಬರಬೇಕು. ಸುಮ್ನೆ ಶೇಕಡಾ 90 ಅಂತ ಬರೆದರೆ ಅದು ಅಂಕಿಯ ವೇಷ ಹಾಕಿಕೊಂಡ ‘ಚೆನ್ನಾಗಿದೆ’ ಅಷ್ಟೇ.

ಕೊನೆಗೆ ಬರೆದದ್ದು ಇದು. ಹತ್ತು ಜನರಲ್ಲಿ ಎಂಟು ಜನ, ಮೊದಲ ಸಲ ಆ್ಯಪ್ ಹಿಡಿದಾಗಲೇ, ಯಾರ ಸಹಾಯವೂ ಇಲ್ಲದೆ, ಸರಿಯಾದ ದಿನಕ್ಕೆ, ಸರಿಯಾದ ಗದ್ದೆಗೆ ಟಿಲ್ಲರ್ ಬುಕ್ ಮಾಡಬೇಕು. ನಡುವಿನವರ ಸಮಯ ಮೂರು ನಿಮಿಷ ದಾಟಬಾರದು. ಆರಕ್ಕಿಂತ ಕಡಿಮೆ ಜನ ಮುಗಿಸಿದರೆ ಆ್ಯಪ್ ಹೊರಗೆ ಬಿಡುವಂತಿಲ್ಲ. ಈ ಕೊನೆಯ ಮಾತಿಗೆ ಗುಂಪಿನವರನ್ನು ಒಪ್ಪಿಸಲು ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಆದರೆ ಒಪ್ಪಿಸಲೇಬೇಕಿತ್ತು. ಯಾವಾಗ ನಿಲ್ಲಿಸಬೇಕು ಅಂತ ಬರೆಯದ ಗುರಿಗೆ ಬೆಲೆ ಇಲ್ಲ. ತಾರೀಖು ಹತ್ತಿರ ಬಂದಾಗ ಎಲ್ಲರೂ “ಪರವಾಗಿಲ್ಲ, ಬಿಟ್ಟುಬಿಡೋಣ” ಅನ್ನುತ್ತಾರೆ. ಆಗ ಶೆಡ್ಡಿನಲ್ಲಿ ಫೋನ್ ಕೆಳಗಿಟ್ಟ ಯಜಮಾನರು ಆ ಕೋಣೆಯಲ್ಲಿ ಇರುವುದಿಲ್ಲ. ಅವರ ಪರವಾಗಿ ಅಲ್ಲಿರುವುದು ಆ ಅಂಕಿ ಒಂದೇ.

‘ಸಹಾಯ ಇಲ್ಲದೆ’ ಅನ್ನುವುದಕ್ಕೂ ಅರ್ಥ ಬರೆದಿಟ್ಟೆವು. ನಾನು ಬೆರಳು ತೋರಿಸಿದರೆ ಅದು ಸಹಾಯ. “ಕೆಳಗೆ ನೋಡಿ” ಅಂದರೂ ಸಹಾಯ. ಪಕ್ಕದಲ್ಲಿ ಕೂತವರು ಇಣುಕಿ ಹೇಳಿಕೊಟ್ಟರೂ ಸಹಾಯ.

ಇಷ್ಟು ಬರೆದ ಮೇಲೂ ಎಡವಿದೆವು. ಎರಡನೇ ಸುತ್ತಿನಲ್ಲಿ ಎಂಟು ಜನ. ಕ್ಯಾಲೆಂಡರ್ ತೆಗೆದು ‘ನಾಳೆ’, ‘ನಾಡಿದ್ದು’, ‘ಆಚೆ ನಾಡಿದ್ದು’ ಅಂತ ಮೂರು ದೊಡ್ಡ ಬಟನ್ ಇಟ್ಟಿದ್ದೆ. ಅಂಕಿ ಬೇಕಾದಲ್ಲಿ ಅಂಕಿಯ ಕೀಬೋರ್ಡೇ ಬರುವ ಹಾಗೆ ಮಾಡಿದ್ದೆವು. ಐದು ಜನ ಮುಗಿಸಿದರು. ಖುಷಿಯಿಂದ ಐದು ಟಿಕ್ ಹಾಕಿಕೊಂಡೆ. ವಾಪಸು ಬರುವಾಗ ರೈಲಿನಲ್ಲಿ ಕೂತು ಅವರು ತುಂಬಿದ್ದನ್ನು ಒಂದೊಂದಾಗಿ ನೋಡಿದೆ. ಒಬ್ಬರು ಜಮೀನಿನ ಅಳತೆ 1.20 ಅಂತ ಹಾಕಿದ್ದರು. ಅವರದು ಒಂದು ಎಕರೆ ಇಪ್ಪತ್ತು ಗುಂಟೆ. ಪಹಣಿ ಓದಿದವರೆಲ್ಲ ಹಾಗೇ ಬರೆಯುವುದು. ಎಕರೆಗೆ 40 ಗುಂಟೆ, ಅಲ್ಲಿಗೆ ಅವರ ಗದ್ದೆ 60 ಗುಂಟೆ. ನಮ್ಮ ಆ್ಯಪ್ ಅದನ್ನು ದಶಮಾಂಶ ಅಂತ ಓದಿ 48 ಗುಂಟೆ ಮಾಡಿಕೊಂಡಿತ್ತು. ಟಿಲ್ಲರ್ ಎಷ್ಟು ಗಂಟೆ ಬೇಕು ಅನ್ನುವ ಲೆಕ್ಕ ಅದರ ಮೇಲೆಯೇ. ಹನ್ನೆರಡು ಗುಂಟೆ ಉಳುವುದು ಬಾಕಿ ಇರುವಾಗಲೇ ಮುಂದಿನವರ ಸರದಿ ಬಂದಿರುತ್ತಿತ್ತು. ಕೆಸರಿನ ಗದ್ದೆಯ ನಡುವೆ ನಿಂತು ಡ್ರೈವರ್ ಯಾರ ಮಾತು ಕೇಳಬೇಕು?

ಎಲ್ಲರದ್ದೂ ತೆಗೆದು ನೋಡಿದೆ. ಇನ್ನೊಬ್ಬರದೂ ಹಾಗೇ ಆಗಿತ್ತು. ಎರಡು ಟಿಕ್ ಅಳಿಸಿದೆ. ಐದು ಹೋಗಿ ಮೂರಾಯಿತು. ನಾವು ಬರೆದ ಗುರಿಯಲ್ಲಿ ‘ಸರಿಯಾದ ದಿನ, ಸರಿಯಾದ ಗದ್ದೆ’ ಇತ್ತು, ‘ಸರಿಯಾದ ಅಳತೆ’ ಇರಲಿಲ್ಲ. ಗುರಿಯನ್ನು ತಿದ್ದಿದೆವು. ಎಕರೆಗೆ ಒಂದು ಪೆಟ್ಟಿಗೆ, ಗುಂಟೆಗೆ ಒಂದು ಪೆಟ್ಟಿಗೆ ಇಟ್ಟೆವು. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಕಲಿಸಿದ್ದು ಆ ಒಂದು ಚುಕ್ಕೆ. ಯಾರೂ ತಡವರಿಸಲಿಲ್ಲ, ಯಾರೂ ಕೇಳಲಿಲ್ಲ, ಇಬ್ಬರೂ ಎರಡೇ ನಿಮಿಷದಲ್ಲಿ ಮುಗಿಸಿ ಸಂತೋಷದಿಂದ ಎದ್ದು ಹೋದರು. ಹಾಗಿದ್ದೂ ಕೆಲಸ ಕೆಟ್ಟಿತ್ತು.

ಒಂದೇ ಅಂಕಿಯ ಹಿಂದೆ ಓಡಿದರೆ ಹೀಗೇ ಆಗುವುದು. ಸಮಯ ಕಡಿಮೆ ಮಾಡಬೇಕು ಅಂತ ಹೊರಟಾಗ ನಮ್ಮ ಪ್ರೋಗ್ರಾಮರ್ ಕೊನೆಯ ‘ಎಲ್ಲ ಸರಿಯಿದೆಯಾ?’ ಪುಟವನ್ನೇ ತೆಗೆದುಬಿಟ್ಟಿದ್ದ. ಇಪ್ಪತ್ತು ಸೆಕೆಂಡ್ ಉಳಿಯಿತು. ತಪ್ಪು ಊರು ಆರಿಸಿದವರಿಗೆ ಅದು ಗೊತ್ತಾಗುವ ಜಾಗವೂ ಹೋಯಿತು. ಆ ಪಟ್ಟಿಯಲ್ಲಿ ಎರಡು ಹೊಸಹಳ್ಳಿ ಇವೆ! ಊರಿನ ಡೈರಿಯಲ್ಲಿ ಲೀಟರ್ ಮಾತ್ರ ನೋಡಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ನೋಡುತ್ತಾರೆ. ನಾವೂ ಸಮಯದ ಪಕ್ಕದಲ್ಲೇ ತಪ್ಪುಗಳ ಅಂಕಿ ಬರೆದೆವು. ತಪ್ಪು ಊರಿಗೆ ಅಥವಾ ತಪ್ಪು ದಿನಕ್ಕೆ ಹೋದ ಬುಕಿಂಗ್ ಸೊನ್ನೆ ಇರಬೇಕು. ಆ ಪುಟ ವಾಪಸು ಬಂತು.

‘ನಡುವಿನವರ ಸಮಯ’ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಮೂರನೇ ಸುತ್ತಿನಲ್ಲಿ ಮುಗಿಸಿದ ಎಂಟು ಜನರ ಸಮಯ ಹೀಗಿತ್ತು: 2, 2, 3, 3, 3, 4, 4, 19 ನಿಮಿಷ. ಹತ್ತೊಂಬತ್ತು ಯಾಕೆ ಅಂದರೆ, ನಡುವೆ ಮನೆಯಿಂದ ಫೋನ್ ಬಂತು, ಹಸು ಈಯುತ್ತಿತ್ತು. ಕೂಡಿಸಿ ಎಂಟರಿಂದ ಭಾಗಿಸಿದರೆ ಸರಾಸರಿ 5 ನಿಮಿಷ. ಆದರೆ ಎಂಟರಲ್ಲಿ ಏಳು ಜನ 5 ನಿಮಿಷಕ್ಕಿಂತ ಬೇಗ ಮುಗಿಸಿದ್ದಾರೆ. ಸಾಲಾಗಿ ನಿಲ್ಲಿಸಿ ನಡುವಿನವರನ್ನು ನೋಡಿದರೆ 3 ನಿಮಿಷ. ಸಮಯ ಅಳೆಯುವಾಗ ಈ ನಡುವಿನ ಅಂಕಿಯೇ ಸತ್ಯಕ್ಕೆ ಹತ್ತಿರ. ಬೇಸತ್ತು ನಡುವೆಯೇ ಬಿಟ್ಟವರ ಸಮಯವನ್ನು ಇದರಲ್ಲಿ ಸೇರಿಸಬಾರದು. ಸೇರಿಸಿದರೆ, ಬೇಗ ಬಿಟ್ಟುಕೊಟ್ಟವರು ವೇಗವಾಗಿ ಮಾಡಿದವರ ಹಾಗೆ ಕಾಣುತ್ತಾರೆ.

ಐದು ಜನರ ಮೇಲೆ ನೋಡಿದರೆ ಸಾಕು ಅನ್ನುವ ಮಾತು ನಮ್ಮ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡೌರ್ 1993ರಲ್ಲಿ ಮಾಡಿದ ಲೆಕ್ಕದಿಂದ ಹುಟ್ಟಿದ್ದು ಅದು. ಐದು ಜನರಿಂದ ಸುಮಾರು ಶೇಕಡಾ 85ರಷ್ಟು ತೊಂದರೆಗಳು ಕಣ್ಣಿಗೆ ಬೀಳುತ್ತವೆ ಅಂತ. ಅದು ತೊಂದರೆ ಹುಡುಕುವ ಮಾತು. ಗುರಿ ಮುಟ್ಟಿದೆವೋ ಇಲ್ಲವೋ ಅಂತ ಅಳೆಯುವ ಮಾತಲ್ಲ. ನಾಣ್ಯ ಹಾರಿಸಿ ನೋಡಿ. ಐದಕ್ಕೆ ಐದೂ ರಾಜ ಬೀಳುವುದು 32 ಸಲಕ್ಕೆ ಒಂದು ಸಲ. ಅಂದರೆ ಊರಿನ ಅರ್ಧ ಜನಕ್ಕೆ ಬಾರದ ಆ್ಯಪ್ ಕೂಡ, 32 ಪರೀಕ್ಷೆಯಲ್ಲಿ ಒಂದರಲ್ಲಿ, ಐದಕ್ಕೆ ಐದು ತೆಗೆದುಕೊಂಡು ಬರುತ್ತದೆ. ನಮ್ಮ ಹತ್ತು ಜನರೂ ಕಡಿಮೆಯೇ. ನನಗೆ ಇಪ್ಪತ್ತು ಬೇಕಿತ್ತು, ಸುಗ್ಗಿ ಸಮಯದಲ್ಲಿ ಸಿಗಲಿಲ್ಲ.

ತೃಪ್ತಿ ಅಳೆಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಅದಕ್ಕೆ ಎಸ್‌ಯುಎಸ್ ಅನ್ನುವ ಹತ್ತು ವಾಕ್ಯಗಳ ಪಟ್ಟಿ ಇದೆ. 1986ರಲ್ಲಿ ಜಾನ್ ಬ್ರೂಕ್ ಮಾಡಿದ್ದು. ಒಂದೊಂದು ವಾಕ್ಯವನ್ನು ಎಷ್ಟು ಒಪ್ಪುತ್ತೀರಿ ಅಂತ 1ರಿಂದ 5ರವರೆಗೆ ಅಂಕ ಕೊಡಬೇಕು. ಕೊನೆಗೆ 100ಕ್ಕೆ ಇಷ್ಟು ಅಂತ ಬರುತ್ತದೆ. 68ರ ಆಸುಪಾಸು ಸಾಧಾರಣ ಅನ್ನುತ್ತಾರೆ. ಹತ್ತರಲ್ಲಿ ಐದು ಹೊಗಳುವ ವಾಕ್ಯ, ಐದು ತೆಗಳುವ ವಾಕ್ಯ, ಒಂದರ ನಂತರ ಒಂದು. ಕನ್ನಡಕ್ಕೆ ತಂದು ಓದಿ ಹೇಳಿದೆ. “ಇದು ಸುಮ್ನೆ ಗೋಜಲಾಗಿದೆ. ಒಪ್ಪುತ್ತೀರಾ?” ಅಂದರೆ ಯಜಮಾನರು ನನ್ನ ಮುಖ ನೋಡಿ, “ಚೆನ್ನಾಗೈತೆ ಕಣವ್ವ, ಐದು ಹಾಕ್ಕೊ” ಅಂದರು. ಎಲ್ಲದಕ್ಕೂ ಐದು. ಮೈಸೂರಿನಿಂದ ಬಂದ ಹುಡುಗಿಗೆ ಬೇಜಾರು ಮಾಡಬಾರದು ಅಂತ ಅವರ ಮನಸ್ಸು. ಎಸ್‌ಯುಎಸ್ ಲೆಕ್ಕದಲ್ಲಿ ಎಲ್ಲದಕ್ಕೂ ಐದು ಕೊಟ್ಟರೆ ಬರುವುದು 50. ಅವರ ಪ್ರೀತಿಗೆ ಸಾಧಾರಣಕ್ಕಿಂತ ಕಡಿಮೆ ಅಂಕ.

ಆ ಪಟ್ಟಿ ಬಿಟ್ಟೆ. ಬೆಳೆ ಹೇಗಿದೆ ಅಂತ ಕೇಳಿದರೆ ನಮ್ಮ ಹಿರಿಯರು “ಹನ್ನೆರಡಾಣೆ ಬೆಳೆ” ಅನ್ನುತ್ತಾರೆ, ಹದಿನಾರಾಣೆ ಅಂದರೆ ಪೂರ್ತಿ ರೂಪಾಯಿ. ಅದನ್ನೇ ಹಿಡಿದುಕೊಂಡೆ. “ರೂಪಾಯಿಗೆ ಎಷ್ಟಾಣೆ ಸುಲಭ ಆಯ್ತು?” ಅಂತ ಒಂದೇ ಪ್ರಶ್ನೆ. ತಕ್ಷಣ ಉತ್ತರ ಬಂತು. “ಎಂಟಾಣೆ.” “ಹತ್ತಾಣೆ. ಊರು ಹುಡುಕೋದು ಒಂದ್ ಕಷ್ಟ ಆಯ್ತು.” ಬೇಜಾರು ಮಾಡುವ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಬೆಳೆಗೆ ಆರಾಣೆ ಅಂದರೆ ಯಾರಿಗೂ ಬೈದ ಹಾಗೆ ಅಲ್ಲವಲ್ಲ. ಇದರಲ್ಲಿ ನಷ್ಟವೂ ಇದೆ. ಬೇರೆಯವರ ಆ್ಯಪಿನ ಜೊತೆ ಹೋಲಿಸಲು ಆಗುವುದಿಲ್ಲ. ಮೂವತ್ತರ ಒಳಗಿನವರಿಗೆ ಆಣೆ ಲೆಕ್ಕವೇ ಗೊತ್ತಿಲ್ಲ. ಆದರೂ ಸುತ್ತಿನಿಂದ ಸುತ್ತಿಗೆ ನಾವು ಏರಿದೆವೋ ಇಳಿದೆವೋ ಅಂತ ತಿಳಿಯಲು ನನಗೆ ಇದು ಸಾಕಾಯಿತು.

ಇನ್ನೊಂದು ಅಳತೆಯನ್ನು ನಾನೇ ಸೇರಿಸಿದೆ. “ನಂಗ್ ಬರಾಕಿಲ್ಲ” ಅನ್ನುವ ಮಾತು ಎಷ್ಟು ಜನರ ಬಾಯಿಂದ ಬಂತು. ಮೊದಲ ಸುತ್ತಿನಲ್ಲಿ ಆರರಲ್ಲಿ ನಾಲ್ಕು. ಗುರಿ ಸೊನ್ನೆ. ಇದಕ್ಕೆ ಯಾವ ಮಾನದಂಡದ ಬೆಂಬಲವೂ ಇಲ್ಲ. ನಮ್ಮಮ್ಮನ ನೆನಪಿಗೆ ಬರೆದದ್ದು. ಆದರೆ ಚೌಕದಲ್ಲಿ ಅದನ್ನು ಮೊದಲ ಸಾಲಿಗೇ ಹಾಕಿದ್ದೇನೆ.

ಪರದೆಯ ಸಣ್ಣ ಗುರಿಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲು ಡಬ್ಲ್ಯೂಸಿಎಜಿ ಅನ್ನುವ ಮಾರ್ಗಸೂಚಿ ಇದೆ. 2023ರ ಅಕ್ಟೋಬರಿನಲ್ಲಿ ಬಂದ ಅದರ 2.2ನೇ ಆವೃತ್ತಿಯಲ್ಲಿ ಬಟನ್ ಕನಿಷ್ಠ 24 ಪಿಕ್ಸೆಲ್ ಇರಬೇಕು ಅಂತ ಇದೆ, ಇನ್ನೂ ಬಿಗಿಯಾದ ಮಟ್ಟಕ್ಕೆ 44. ಗುದ್ದಲಿ ಹಿಡಿದು ಬಲಿತ ಬೆರಳಿಗೆ 44ಕ್ಕಿಂತ ಚಿಕ್ಕದು ಆಗುವುದಿಲ್ಲ, ಅದನ್ನೇ ಇಟ್ಟೆವು. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬಣ್ಣದ ಅಂತರ 4.5ಕ್ಕೆ 1 ಇದ್ದರೆ ಸಾಕು ಅನ್ನುತ್ತಾರೆ. ಬಿಸಿಲಿನಲ್ಲಿ ಸಾಲದು, 7ಕ್ಕೆ 1 ಮಾಡಿದೆವು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ನೂರು ಭೇಟಿಯಲ್ಲಿ 75ಕ್ಕಾದರೂ ಅದು ನಿಜವಾಗಬೇಕು. ಶೆಡ್ಡಿನಲ್ಲಿ ನಮ್ಮದು 14 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಟಿಲ್ಲರಿನ ದೊಡ್ಡ ದೊಡ್ಡ ಫೋಟೊಗಳಿಂದ. ಈಗ 4ಕ್ಕೆ ಇಳಿದಿದೆ. ಗುರಿ ಇನ್ನೂ ಮುಟ್ಟಿಲ್ಲ.

ಕನ್ನಡದ್ದೇ ಆದ ಒಂದು ಗುರಿಯನ್ನು ಇಲ್ಲಿ ಬರೆಯಲೇಬೇಕು. ‘ಟ್ರ್ಯಾಕ್ಟರ್’ ಅನ್ನುವ ಪದವನ್ನು ಬಟನ್ ಮೇಲೆ ಹಾಕಿ, ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿ ನೋಡಿ. ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಂತ ಇಟ್ಟಿರುತ್ತಾರೆ. ವಯಸ್ಸಾದವರೆಲ್ಲ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಒತ್ತು ಕಳೆದುಕೊಳ್ಳುವವರೂ ಅವರೇ. ಯಾವ ಪರದೆಯಲ್ಲೂ, ಯಾವ ಗಾತ್ರದಲ್ಲೂ, ಕತ್ತರಿಸಿದ ಒತ್ತು ಸೊನ್ನೆ. ಇದನ್ನು ಕನ್ನಡದಲ್ಲಿ ಆ್ಯಪ್ ಮಾಡುವ ಎಲ್ಲರೂ ಬರೆದುಕೊಳ್ಳಲಿ ಅಂತ ನನ್ನ ಆಸೆ.

ಮೂರನೇ ಸುತ್ತು ಹೋದ ತಿಂಗಳು ಮುಗಿಯಿತು. ಹತ್ತರಲ್ಲಿ ಎಂಟು. ಅಳತೆ ತಪ್ಪಿಲ್ಲ, ಊರು ತಪ್ಪಿಲ್ಲ. ನಡುವಿನ ಸಮಯ ಮೂರು ನಿಮಿಷ. ಗುರಿ ಮುಟ್ಟಿತು. ಗುಂಪಿನವರು ಬಿಡುಗಡೆಗೆ ದಿನ ನೋಡೋಣ ಅಂದರು. ನಮ್ಮ ಆಫೀಸಿನಲ್ಲೂ ಎಲ್ಲರಿಗೂ ಸಮಾಧಾನ.

ನನಗೆ ಮಾತ್ರ ಆ ಉಳಿದ ಇಬ್ಬರು ತಲೆಯಿಂದ ಹೋಗಲಿಲ್ಲ. ಇಬ್ಬರೂ ಹೆಂಗಸರು. ಹತ್ತು ಜನರಲ್ಲಿ ಇದ್ದ ಹೆಂಗಸರೇ ಇಬ್ಬರು. ಒಬ್ಬರದು ಎರಡು ಎಕರೆ, ಉತ್ತು ಬಿತ್ತಿ ನೋಡಿಕೊಳ್ಳುವುದೆಲ್ಲ ಅವರೇ. ಗಂಡ ಕಬ್ಬಿನ ಲಾರಿ ಓಡಿಸುತ್ತಾರೆ. ಸದಸ್ಯತ್ವದಲ್ಲಿ ಇರುವುದು ಗಂಡನ ಫೋನ್ ನಂಬರ್. ಅವರು ಮಗಳ ಫೋನಿನಲ್ಲಿ ಆ್ಯಪ್ ತೆರೆದರು. ಓಟಿಪಿ ಹೋಗಿದ್ದು ಲಾರಿಗೆ. ಫೋನ್ ಮಾಡಿ ಕೇಳಿದರು. ಗಂಡ ಲಾರಿ ಪಕ್ಕಕ್ಕೆ ಹಾಕಿ, ಮೆಸೇಜ್ ತೆಗೆದು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಮೂರು ಸಲ ಹಾಗೇ ಆಯಿತು. ಇನ್ನೊಬ್ಬರದೂ ಹೆಚ್ಚುಕಡಿಮೆ ಇದೇ ಕಥೆ.

ಅವರು “ನಂಗ್ ಬರಾಕಿಲ್ಲ” ಅನ್ನಲಿಲ್ಲ. ನನ್ನ ಆ ಸಾಲಿನಲ್ಲಿ ಅವರ ಲೆಕ್ಕ ಸೊನ್ನೆಯೇ. ಫೋನನ್ನು ನನ್ನ ಕೈಗೆ ಕೊಟ್ಟು ಅವರು ಹೇಳಿದ್ದು ಇದು: “ನಂಗ್ ಬತ್ತದೆ ಕಣವ್ವ. ಇದ್ಕೇ ಬರಾಕಿಲ್ಲ.”

ಜನರನ್ನು ಬರೆಯುವಾಗ ನಾವು ವಯಸ್ಸು ಬರೆದಿದ್ದೆವು, ಓದು ಬರೆದಿದ್ದೆವು, ಬಿಸಿಲು ಬರೆದಿದ್ದೆವು. ಫೋನ್ ಯಾರದು ಅಂತ ಬರೆದಿರಲಿಲ್ಲ. ಹತ್ತಕ್ಕೆ ಎಂಟು ಅನ್ನುವ ಅಂಕಿ ನೋಡಿದರೆ, ಯಾರೋ ಇಬ್ಬರಿಗೆ ಆಗಲಿಲ್ಲ ಅನ್ನಿಸುತ್ತದೆ. ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿ ನೋಡಿದರೆ ಎಂಟಕ್ಕೆ ಎಂಟು, ಎರಡಕ್ಕೆ ಸೊನ್ನೆ.

ಈ ಶುಕ್ರವಾರ ಮತ್ತೆ ಮೀಟಿಂಗ್ ಇದೆ, ಶೆಡ್ಡಿನಲ್ಲೇ. ಆ ಇಬ್ಬರನ್ನೂ ಕರೆಯಿರಿ ಅಂತ ಗುಮಾಸ್ತರಿಗೆ ಹೇಳಿದ್ದೇನೆ. ಚೌಕಕ್ಕೆ ಒಂದು ಹೊಸ ಸಾಲು ಸೇರಿಸಿದ್ದೇನೆ. ಜನ: ತಮ್ಮ ಹೆಸರಿನಲ್ಲಿ ಫೋನ್ ಇಲ್ಲದ ರೈತ ಮಹಿಳೆ. ಕೆಲಸ: ಟಿಲ್ಲರ್ ಬುಕ್ ಮಾಡುವುದು. ಈಗ: ಎರಡಕ್ಕೆ ಸೊನ್ನೆ. ಎಷ್ಟಕ್ಕಿಂತ ಕೆಳಗಾದರೆ ಬಿಡುಗಡೆ ಇಲ್ಲ ಅನ್ನುವ ಜಾಗ ಇನ್ನೂ ಖಾಲಿ. ಅಲ್ಲಿ ಪೆನ್ಸಿಲಿನಲ್ಲಿ ಆರು ಅಂತ ಬರೆದು ಅಳಿಸಿದೆ, ಮತ್ತೆ ಎಂಟು ಅಂತ ಬರೆದಿದ್ದೇನೆ. ಶುಕ್ರವಾರ ಅದನ್ನು ಪೆನ್ನಿನಲ್ಲಿ ತುಂಬಿಸದೆ ರೈಲು ಹತ್ತುವುದಿಲ್ಲ.